ಬರೆದ ವರದಿ ಸಿಗುವಂತಿರಲಿ

ಸ್ವಯಂಸೇವಕರು ಕಟ್ಟಿ ನಡೆಸುವ ಯಾವುದಾದರೂ ಯೋಜನೆಯ ಜಾಲತಾಣ ತೆರೆದು ನೋಡಿ, ಅಲ್ಲೊಂದು ಕಾರ್ಯಕ್ರಮಗಳ ಪಟ್ಟಿ ಇರುತ್ತದೆ. ದಿನಾಂಕ, ಊರು, ಕಾರ್ಯಕ್ರಮದ ಹೆಸರು, ಜವಾಬ್ದಾರಿ ಹೊತ್ತವರು, ಕೊನೆಯ ಕಾಲಂನಲ್ಲಿ ವರದಿ. ಮೊದಲ ನಾಲ್ಕು ಕಾಲಂ ತುಂಬಿರುತ್ತವೆ. ಐದನೆಯದರಲ್ಲಿ ಅಲ್ಲೊಂದು ಇಲ್ಲೊಂದು ಕೊಂಡಿ ಬಿಟ್ಟರೆ ಉಳಿದದ್ದು ಖಾಲಿ. ಸಂಘಟಕರನ್ನು ಕೇಳಿದರೆ ‘ವರದಿ ಆವತ್ತೇ ಬರೆದು ಹಾಕಿದ್ದೇವಲ್ಲ’ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಯಾರದೋ ಬ್ಲಾಗಿನಲ್ಲಿ, ಫೇಸ್‌ಬುಕ್ ಗೋಡೆಯ ಮೇಲೆ, ಗೂಗಲ್ ಡಾಕ್ಸ್‌ನ ಒಂದು ಕಡತದಲ್ಲಿ ಆ ವರದಿ ಇದ್ದೇ ಇರುತ್ತದೆ. ಪಟ್ಟಿಯಿಂದ ಅಲ್ಲಿಗೆ ದಾರಿ ಇರುವುದಿಲ್ಲ, ಅಷ್ಟೇ.

ಈ ಐದನೆಯ ಕಾಲಂ ತುಂಬುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ತಂತ್ರಾಂಶಕ್ಕೆ ಒಪ್ಪಿಸಬೇಕು ಎಂಬುದು ನನ್ನ ವಾದ. ಒಪ್ಪಿಸುವಾಗ ಎರಡು ಷರತ್ತು ಬೇಕು. ಕೊಂಡಿ ಹಾಕುವುದು ಯಂತ್ರದ ಪಾಲಿಗೆ ಹೋದರೂ ವರದಿ ಬರೆಯುವುದು, ಅದನ್ನು ಒಪ್ಪುವುದು ಮನುಷ್ಯರ ಪಾಲಿನಲ್ಲೇ ಉಳಿಯಬೇಕು. ವರದಿ ಬಾರದ ಕಾರ್ಯಕ್ರಮದ ಮುಂದೆ ‘ಬಂದಿಲ್ಲ’ ಎಂದು ಎಲ್ಲರಿಗೂ ಕಾಣುವಂತೆ ಆ ತಂತ್ರಾಂಶವೇ ಬರೆಯಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಈ ಏರ್ಪಾಡಿನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮೊದಲು, ವರದಿ ಯಾರಿಗೆ ಬೇಕು ಎಂಬ ಪ್ರಶ್ನೆ. ಸ್ವಾಗತ ಭಾಷಣ, ದೀಪ ಬೆಳಗಿದ್ದು, ವಂದನಾರ್ಪಣೆ, ಗುಂಪು ಫೋಟೊ ಇಷ್ಟೇ ಇರುವ ವರದಿ ಯಾರಿಗೂ ಬೇಡ, ಅದಕ್ಕೆ ಕೊಂಡಿ ಇದ್ದರೆಷ್ಟು ಬಿಟ್ಟರೆಷ್ಟು. ಆದರೆ ವಿಕಿಪೀಡಿಯ ಕಾರ್ಯಾಗಾರವೊಂದನ್ನು ಊಹಿಸಿಕೊಳ್ಳಿ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೂವತ್ತು ವಿದ್ಯಾರ್ಥಿಗಳು ಕೂತು ಖಾತೆ ತೆರೆಯಲು ಹೊರಡುತ್ತಾರೆ. ಮೊದಲ ಆರು ಜನರಿಗೆ ಖಾತೆ ಸಿಗುತ್ತದೆ, ಏಳನೆಯವರಿಗೆ ಸಿಗುವುದಿಲ್ಲ. ಒಂದು ಐಪಿ ವಿಳಾಸದಿಂದ ದಿನಕ್ಕೆ 6ಕ್ಕಿಂತ ಹೆಚ್ಚು ಖಾತೆ ತೆರೆಯಲು ವಿಕಿಪೀಡಿಯವೂ ಸೇರಿದ ವಿಕಿಮೀಡಿಯ ತಾಣಗಳು ಬಿಡುವುದಿಲ್ಲ. ಕಿಡಿಗೇಡಿಗಳನ್ನು ತಡೆಯಲು ಮಾಡಿದ ನಿಯಮ ಅದು. ಇಡೀ ಲ್ಯಾಬು ಹೊರಗಿನ ಜಗತ್ತಿಗೆ ಒಂದೇ ವಿಳಾಸವಾಗಿ ಕಾಣುವುದರಿಂದ ಉಳಿದ ಇಪ್ಪತ್ತನಾಲ್ಕು ಮಂದಿ ಪರದೆ ನೋಡುತ್ತ ಕೂರುತ್ತಾರೆ, ಬೆಳಗಿನ ಅವಧಿ ಕೈತಪ್ಪಿ ಹೋಗುತ್ತದೆ. ಮೊದಲೇ ಗೊತ್ತಿದ್ದರೆ ವಿನಾಯಿತಿ ಕೇಳಿ ಪಡೆಯಬಹುದಿತ್ತು, ಖಾತೆ ತೆರೆದುಕೊಡುವ ಅಧಿಕಾರ ಇರುವ ಒಬ್ಬರನ್ನು ಕರೆಯಬಹುದಿತ್ತು, ಹಿಂದಿನ ದಿನ ಮನೆಯಲ್ಲೇ ಖಾತೆ ತೆರೆದು ಬನ್ನಿ ಎನ್ನಬಹುದಿತ್ತು. ‘ಏಳನೆಯವರಿಂದ ಖಾತೆ ಆಗಲಿಲ್ಲ, ಮುಂದಿನವರು ಹೀಗೆ ಮಾಡಿ’ ಎಂಬ ಒಂದು ಸಾಲು ಹೋದ ಸಲದ ವರದಿಯಲ್ಲಿತ್ತು, ಆದರೆ ಅದು ಇವರಿಗೆ ಸಿಗಲಿಲ್ಲ ಎಂದಾದರೆ ನಷ್ಟದ ಲೆಕ್ಕ ಬೇರೆ ಹೇಳಬೇಕಾಗಿಲ್ಲ.

ಮುಂದಿನ ಸಂಘಟಕರು ವರದಿಯ ಮೊದಲ ಓದುಗರು. ಹಣ ಕೊಟ್ಟವರು ಎರಡನೆಯವರು. ವಿಕಿಮೀಡಿಯ ಫೌಂಡೇಶನ್ ಅನುದಾನ ಪಡೆದವರಿಂದ ವರದಿ ಕೇಳುತ್ತದೆ. ಫೆಡೋರಾ ಲಿನಕ್ಸ್ ಸಮುದಾಯದಲ್ಲಿಯೂ ಊರೂರಿನ ಕಾರ್ಯಕ್ರಮಗಳಿಗೆ ನೆರವು ಪಡೆದ ರಾಯಭಾರಿಗಳು ಬಳಿಕ ವರದಿ ಬರೆಯಬೇಕೆಂಬ ನಿರೀಕ್ಷೆ ಇತ್ತು. ಮೂರನೆಯ ಓದುಗ ಹತ್ತು ವರ್ಷದ ನಂತರ ಬರುವವನು. ತುಳು ವಿಕಿಪೀಡಿಯ ಹಲವು ವರ್ಷ ಹೊಸ ಭಾಷೆಗಳ ವಿಕಿಗಳನ್ನು ಬೆಳೆಸುವ ತಾಣವಾದ ಇನ್‌ಕ್ಯುಬೇಟರ್‌ನಲ್ಲಿದ್ದು 2016ರ ಆಗಸ್ಟ್‌ನಲ್ಲಿ ಸ್ವತಂತ್ರ ತಾಣವಾಯಿತು. ಲಿಪಿ, ಪಾಠಶಾಲೆ, ಸರ್ಕಾರಿ ಮನ್ನಣೆ ಎಲ್ಲದರಲ್ಲೂ ತೊಡಕಿದ್ದ ಒಂದು ಭಾಷೆ ಆ ಹಂತ ಮುಟ್ಟಿದ್ದು ಹೇಗೆ ಎಂದು ನಾಳೆ ಯಾರಾದರೂ ಬರೆಯಲು ಹೊರಟರೆ, ಲೇಖನಗಳ ಇತಿಹಾಸ ಅವರಿಗೆ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಯಾವ ಅಲ್ಪವಿರಾಮವನ್ನು ಯಾರು ಯಾವ ನಿಮಿಷದಲ್ಲಿ ಸೇರಿಸಿದರು ಎಂಬುದನ್ನೂ ವಿಕಿ ತಂತ್ರಾಂಶ ತಾನಾಗಿ ಜೋಪಾನ ಮಾಡಿದೆ. ಆ ಬರಹಗಾರರು ಒಂದು ಕೋಣೆಯಲ್ಲಿ ಸೇರಿ ಏನು ಕಲಿತರು, ಯಾವುದರ ಬಗ್ಗೆ ಜಗಳವಾಡಿದರು ಎಂಬುದು ಮಾತ್ರ ವರದಿಗಳಲ್ಲಷ್ಟೇ ಇದ್ದೀತು. ವರದಿ ಚದುರಿದರೆ ಇತಿಹಾಸದ ಆ ಭಾಗ ಚದುರಿದಂತೆಯೇ.

ಕೊಂಡಿ ಏಕೆ ಬೀಳುವುದಿಲ್ಲ? ಸೋಮಾರಿತನ ಎಂದು ತೀರ್ಪು ಕೊಡುವುದು ಸುಲಭ, ಆದರೆ ನ್ಯಾಯವಲ್ಲ. ಕಾರ್ಯಕ್ರಮದ ಪುಟ ಹುಟ್ಟುವುದು ಕಾರ್ಯಕ್ರಮಕ್ಕೆ ಮೊದಲು. ಜನ ಬರಬೇಕಲ್ಲ, ಹಾಗಾಗಿ ಸಂಘಟಕರು ಮುತುವರ್ಜಿಯಿಂದ ಅದನ್ನು ಮಾಡುತ್ತಾರೆ. ವರದಿ ಹುಟ್ಟುವುದು ಕಾರ್ಯಕ್ರಮ ಮುಗಿದು ಎಲ್ಲರೂ ದಣಿದ ಮೇಲೆ, ಬಹುಪಾಲು ಬೇರೊಬ್ಬರ ಕೈಯಲ್ಲಿ, ಬೇರೊಂದು ಜಾಗದಲ್ಲಿ. ಇವೆರಡನ್ನೂ ಬಲ್ಲ ಮೂರನೆಯವರೊಬ್ಬರು ನೆನಪಿಟ್ಟುಕೊಂಡು ಮರಳಿ ಬಂದು ಪಟ್ಟಿ ತಿದ್ದಬೇಕು. ಕೆಲವು ತಾಣಗಳಲ್ಲಿ ಪಟ್ಟಿ ತಿದ್ದುವ ಅಧಿಕಾರ ಇಬ್ಬರಿಗೋ ಮೂವರಿಗೋ ಮಾತ್ರ ಇರುತ್ತದೆ, ವರದಿ ಬರೆದವರು ಅವರನ್ನು ಹುಡುಕಿ ಮಿಂಚಂಚೆ ಕಳಿಸಬೇಕು. ಎರಡು ನಿಮಿಷದ ಕೆಲಸ ಎಂಬುದೇ ಅದಕ್ಕೆ ಮುಳುವು. ನಾಳೆ ಮಾಡಿದರಾಯಿತು ಎಂದು ಬಿಡುವಷ್ಟು ಚಿಕ್ಕದು ಅದು, ಯಾರ ಹೆಸರಿಗೂ ಬರೆಯದಷ್ಟು ಚಿಕ್ಕದು.

ನಮ್ಮ ಊರಿನ ಸಂಘಗಳು ಈ ತೊಡಕನ್ನು ಹಿಂದೆಯೇ ಬಿಡಿಸಿಕೊಂಡಿದ್ದವು. ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಆ ನಡಾವಳಿಯನ್ನು ಯಾರೂ ಹುಡುಕಿಕೊಂಡು ಹೋಗುವ ಪ್ರಮೇಯ ಬರುತ್ತಿರಲಿಲ್ಲ, ಏಕೆಂದರೆ ಸಭೆಯ ಸೂಚನೆ, ಹಾಜರಿ ಸಹಿ, ಠರಾವು, ಎಲ್ಲವೂ ಒಂದೇ ಪುಸ್ತಕದಲ್ಲಿ ಒಂದರ ಹಿಂದೆ ಒಂದು ಇರುತ್ತಿದ್ದವು. ಕಾರ್ಯದರ್ಶಿ ಬದಲಾದರೆ ಪುಸ್ತಕ ಕೈ ಬದಲಾಗುತ್ತಿತ್ತು. ಜಾಲತಾಣಕ್ಕೆ ಬಂದಾಗ ಆ ಒಂದು ಪುಸ್ತಕ ಹತ್ತು ಕಡೆ ಹಾಳೆಹಾಳೆಯಾಯಿತು. ಸೂಚನೆ ಒಂದು ತಾಣದಲ್ಲಿ, ಹಾಜರಿ ಗೂಗಲ್ ಫಾರ್ಮ್‌ನಲ್ಲಿ, ಫೋಟೊ ವಿಕಿಮೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿ, ವರದಿ ಇನ್ನೊಬ್ಬರ ಪುಟದಲ್ಲಿ. ಹಾಳೆಗಳನ್ನು ಮತ್ತೆ ಹೊಲಿಯುವ ಕೆಲಸವೇ ಕೊಂಡಿ.

ಯಂತ್ರ ಇದನ್ನು ಹೇಗೆ ಮಾಡುತ್ತದೆ? ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇದಕ್ಕೆ ಹಳೆಯದೊಂದು ಸಲಕರಣೆ ಇದೆ. ‘ಇಫ್‌ಎಗ್ಸಿಸ್ಟ್’ ಎಂಬ ಆ ಸೂಚನೆ, ಇಂಥ ಹೆಸರಿನ ಪುಟ ಇದೆಯೇ ಎಂದು ನೋಡಿ, ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು ತೋರಿಸುತ್ತದೆ. ಪ್ರತಿ ಕಾರ್ಯಕ್ರಮದ ವರದಿಯೂ ಆ ಕಾರ್ಯಕ್ರಮದ ಪುಟದ ಕೆಳಗೆ ‘ವರದಿ’ ಎಂಬ ಉಪಪುಟವಾಗಿಯೇ ಇರಬೇಕು ಎಂದು ಸಮುದಾಯ ಒಪ್ಪಿದರೆ ಸಾಕು. ಪಟ್ಟಿಯ ಟೆಂಪ್ಲೇಟು, ಅಂದರೆ ಅದರ ಅಚ್ಚು, ಪ್ರತಿ ಸಾಲಿನಲ್ಲೂ ಆ ಉಪಪುಟ ಇದೆಯೇ ಎಂದು ಕೇಳುತ್ತದೆ. ಇದ್ದರೆ ಕೊಂಡಿ, ಇಲ್ಲದಿದ್ದರೆ ‘ವರದಿ ಬಾಕಿ’. ವರದಿ ಬರೆದವರು ಉಳಿಸು ಗುಂಡಿ ಒತ್ತಿದ ಮೇಲೆ ಪಟ್ಟಿಯ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಈ ಸೂಚನೆ ಸರ್ವರ್‌ಗೆ ಭಾರವಾದ್ದರಿಂದ ವಿಕಿಮೀಡಿಯ ತಾಣಗಳಲ್ಲಿ ಒಂದು ಪುಟಕ್ಕೆ 500 ಸಲ ಎಂಬ ಮಿತಿ ಇದೆ. ಒಂದು ಭಾಷಾ ಸಮುದಾಯದ ವರ್ಷದ ಕಾರ್ಯಕ್ರಮಗಳ ಪಟ್ಟಿಗೆ ಅದು ಧಾರಾಳ ಸಾಕು.

ವರದಿಗಳು ಬೇರೆ ಬೇರೆ ತಾಣಗಳಲ್ಲಿ ಇದ್ದರೆ ದಾರಿ ಬೇರೆ. ಡೆಬಿಯನ್, ಫೆಡೋರಾ ಮುಂತಾದ ಲಿನಕ್ಸ್ ಸಮುದಾಯಗಳು ಸದಸ್ಯರ ಬ್ಲಾಗುಗಳನ್ನು ಹೊಸ ಬರಹಗಳನ್ನು ತಾನಾಗಿ ಸಾರುವ ಆರೆಸ್ಸೆಸ್ ಫೀಡಿನ ಮೂಲಕ ಒಟ್ಟುಗೂಡಿಸಿ ತೋರಿಸುವ ‘ಪ್ಲಾನೆಟ್’ ಪುಟಗಳನ್ನು ಬಹುಕಾಲದಿಂದ ನಡೆಸಿವೆ. ಬರೆದವರು ತಮ್ಮ ಬರಹಕ್ಕೆ ಕಾರ್ಯಕ್ರಮದ ಗುರುತುಪಟ್ಟಿ ಹಚ್ಚಿದರೆ, ಫೀಡು ಓದುವ ಪುಟ್ಟ ತಂತ್ರಾಂಶ ಅದನ್ನು ಕಾರ್ಯಕ್ರಮದ ಪುಟಕ್ಕೆ ಜೋಡಿಸಬಹುದು. ಬರೆಯುವವರು ತಮ್ಮ ಮನೆ ಬಿಟ್ಟು ಬರಬೇಕಾಗಿಲ್ಲ ಎಂಬುದು ಇಲ್ಲಿನ ಅನುಕೂಲ. ಗುರುತುಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ಬರಹ ಕಣ್ಮರೆ ಎಂಬುದು ಅನನುಕೂಲ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಬ್ರಸೆಲ್ಸ್‌ನ ಫಾಸ್‌ಡೆಮ್. ಸ್ವತಂತ್ರ ತಂತ್ರಾಂಶದ ಈ ವಾರ್ಷಿಕ ಸಮಾವೇಶಕ್ಕೆ ಪ್ರವೇಶ ಶುಲ್ಕ ಇಲ್ಲ, ನಡೆಸುವವರು ಸ್ವಯಂಸೇವಕರು. ವಾರಾಂತ್ಯದ ಎರಡೇ ದಿನದಲ್ಲಿ ಹತ್ತಾರು ಕೋಣೆಗಳಲ್ಲಿ ನೂರಾರು ಭಾಷಣ ನಡೆಯುತ್ತವೆ, ಅವೆಲ್ಲದರ ಚಿತ್ರೀಕರಣವೂ ಆಗುತ್ತದೆ. ಒಂದೊಂದು ಚಿತ್ರಿಕೆಯನ್ನೂ ಕೈಯಲ್ಲಿ ಕತ್ತರಿಸಿ, ಹೆಸರಿಟ್ಟು, ಏರಿಸಿ, ಆಯಾ ಭಾಷಣದ ಪುಟಕ್ಕೆ ಕೊಂಡಿ ಕೊಡಲು ಹೊರಟರೆ ಮುಂದಿನ ಸಮಾವೇಶ ಬಂದರೂ ಮುಗಿಯದು. ಅವರು ಬಳಸುವ ‘ಎಸ್‌ರಿವ್ಯೂ’ ಎಂಬ ತಂತ್ರಾಂಶವನ್ನು ಡೆಬಿಯನ್‌ನ ವೌಟರ್ ವರ್‌ಹೆಲ್ಸ್ಟ್ ಬರೆದದ್ದು. ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಯಾರ ಭಾಷಣ ಎಂಬ ವೇಳಾಪಟ್ಟಿ ಅದಕ್ಕೆ ಗೊತ್ತು. ಇಡೀ ದಿನದ ಚಿತ್ರಿಕೆಯಿಂದ ಆ ತುಣುಕನ್ನು ಅಂದಾಜಿನಲ್ಲಿ ಬೇರ್ಪಡಿಸಿ, ಭಾಷಣಕಾರರಿಗೆ ಮಿಂಚಂಚೆಯಲ್ಲಿ ಒಂದು ಕೊಂಡಿ ಕಳಿಸುತ್ತದೆ. ಅವರು ತೆರೆದು ನೋಡಿ, ಶುರು ಎಲ್ಲಿ, ಕೊನೆ ಎಲ್ಲಿ, ದನಿ ಸರಿಯಾಗಿ ಕೇಳುತ್ತಿದೆಯೇ ಎಂದು ಹೇಳುತ್ತಾರೆ. ಅವರು ಸರಿ ಎಂದ ಮೇಲೆ ಶೀರ್ಷಿಕೆ ಸೇರಿಸಿ ಸಿದ್ಧಪಡಿಸುವುದು, ಪ್ರಕಟಿಸುವುದು ಎಲ್ಲ ತಾನಾಗಿ ನಡೆಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ಕೆಲಸ ಹಂಚಿಕೆಯ ವಿವೇಕ. ಬೇಸರ ತರುವ, ಎಲ್ಲರಿಗೂ ಒಂದೇ ರೀತಿಯ ಕೆಲಸ ಯಂತ್ರಕ್ಕೆ ಹೋಗಿದೆ. ತೀರ್ಮಾನ ಬೇಕಿರುವ ಒಂದೇ ಒಂದು ಕೆಲಸ ಮನುಷ್ಯರಿಗೆ ಉಳಿದಿದೆ, ಅದೂ ಆ ಭಾಷಣವನ್ನು ಚೆನ್ನಾಗಿ ಬಲ್ಲವರಿಗೇ. ಯಂತ್ರವೇ ಅವರನ್ನು ಹುಡುಕಿ ಹೋಗಿ ಕೇಳುತ್ತದೆ, ಅವರು ಯಂತ್ರವನ್ನು ಹುಡುಕಬೇಕಾಗಿಲ್ಲ. ಕಾರ್ಯಕ್ರಮ ಮುಗಿದ ಎರಡನೆಯ ದಿನ ಸಂಘಟಕರಿಗೆ ‘ನಿಮ್ಮ ವರದಿ ಇಲ್ಲಿ ಬರೆಯಿರಿ’ ಎಂದು ಖಾಲಿ ಪುಟದ ಕೊಂಡಿಯನ್ನೇ ಕಳಿಸುವ ಏರ್ಪಾಡನ್ನು ಯಾವ ಸಮುದಾಯವೂ ಇದೇ ಮಾದರಿಯಲ್ಲಿ ಮಾಡಿಕೊಳ್ಳಬಹುದು.

ಇನ್ನೊಂದು ಪಾಠ ವಿಕಿಪೀಡಿಯದ ಒಳಗೇ ಇದೆ. ಹಿಂದೆ ಒಂದು ಲೇಖನದ ಇತರ ಭಾಷಾ ಆವೃತ್ತಿಗಳ ಕೊಂಡಿಗಳನ್ನು ಪ್ರತಿ ಭಾಷೆಯ ಪುಟದಲ್ಲೂ ಬರೆದಿಡಬೇಕಿತ್ತು. ನೂರು ಭಾಷೆಗಳಲ್ಲಿರುವ ಒಂದು ಲೇಖನಕ್ಕೆ ಹೀಗೆ 9,900 ಕೊಂಡಿ ಬೇಕು. ಅದನ್ನು ತಾನಾಗಿ ಪುಟ ತಿದ್ದುವ ತಂತ್ರಾಂಶಗಳಾದ ಬಾಟ್‌ಗಳು ನೋಡಿಕೊಳ್ಳುತ್ತಿದ್ದವು, ನಿಜ. ಆದರೆ ಯಾವುದೋ ಒಂದು ಭಾಷೆಯಲ್ಲಿ ಒಬ್ಬರು ತಪ್ಪು ಕೊಂಡಿ ಹಾಕಿದರೆ ಬಾಟ್‌ಗಳು ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಉಳಿದ ಭಾಷೆಗಳಿಗೆ ಹೊತ್ತೊಯ್ಯುತ್ತಿದ್ದವು. 2012ರ ಅಕ್ಟೋಬರ್‌ನಲ್ಲಿ ಶುರುವಾದ ವಿಕಿಡೇಟಾ 2013ರಲ್ಲಿ ಈ ಹೊರೆಯನ್ನು ಇಳಿಸಿತು. ಪುಟದಿಂದ ಪುಟಕ್ಕೆ ಕೊಂಡಿ ಹಾಕುವುದನ್ನು ಬಿಟ್ಟು, ವಿಷಯಕ್ಕೊಂದು ಸಂಖ್ಯೆ ಕೊಟ್ಟು, ಎಲ್ಲ ಭಾಷೆಯ ಪುಟಗಳನ್ನೂ ಆ ಸಂಖ್ಯೆಗೆ ಕಟ್ಟಿದರು. ನೂರು ಪುಟಕ್ಕೆ ನೂರೇ ಕೊಂಡಿ, ತಪ್ಪಾದರೆ ಒಂದೇ ಕಡೆ ತಿದ್ದಿದರಾಯಿತು. ಕೆಟ್ಟ ವ್ಯವಸ್ಥೆಯನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ಅದು ವೇಗವಾಗಿ ಕೆಡುತ್ತದೆ ಅಷ್ಟೇ. ಹಾಗಾಗಿ ನಮ್ಮ ಪಟ್ಟಿಯಲ್ಲೂ ಕಾರ್ಯಕ್ರಮಕ್ಕೊಂದು ಸ್ಥಿರ ಸಂಖ್ಯೆ ಕೊಡುವುದೇ ಮೊದಲ ಹೆಜ್ಜೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಹೆಜ್ಜೆ ಇನ್ನೂ ಮುಖ್ಯ. ಯಂತ್ರ ಹೆಸರು ನೋಡಿ ಜೋಡಿಸುತ್ತದೆ, ನಮ್ಮಲ್ಲಿ ಹೆಸರುಗಳು ನಿಲ್ಲುವುದೇ ಇಲ್ಲ. ಒಬ್ಬರು ‘ಸಮ್ಮಿಲನ ೧೨’ ಎಂದು ಕನ್ನಡ ಅಂಕಿಯಲ್ಲಿ ಪುಟ ಮಾಡುತ್ತಾರೆ, ವರದಿ ಬರೆಯುವವರು ‘ಸಮ್ಮಿಲನ 12’ ಎನ್ನುತ್ತಾರೆ. ಓದುವವರಿಗೆ ಎರಡೂ ಒಂದೇ, ತಂತ್ರಾಂಶಕ್ಕೆ ಸಂಬಂಧವೇ ಇಲ್ಲದ ಎರಡು ಪುಟ. ‘ಎಡಿಟ್’ ಎಂಬಂತೆ ವ್ಯಂಜನದಲ್ಲಿ ನಿಲ್ಲುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತವನ್ನು ಸೇರಿಸಿಬಿಡುತ್ತವೆ. ಅಕ್ಕಪಕ್ಕ ಇಟ್ಟು ನೋಡಿದರೂ ಎರಡು ಶೀರ್ಷಿಕೆಗಳಲ್ಲಿ ವ್ಯತ್ಯಾಸ ತಿಳಿಯದು, ಆದರೂ ಕೊಂಡಿ ಕೂಡುವುದಿಲ್ಲ. ಊರಿನ ಹೆಸರುಗಳದ್ದು ಬೇರೆಯದೇ ಕಥೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾದವು. ಅದಕ್ಕೂ ಹಿಂದಿನ ವರದಿಗಳಲ್ಲಿ ಬಿಜಾಪುರ, ಗುಲ್ಬರ್ಗ ಎಂದಿದ್ದರೆ ಈಚಿನವುಗಳಲ್ಲಿ ವಿಜಯಪುರ, ಕಲಬುರಗಿ. ದಿನಾಂಕದಲ್ಲಿ 05-06 ಎಂದಿದ್ದರೆ ಜೂನ್ 5 ಎಂದು ನಾವು ಓದುತ್ತೇವೆ, ಅಮೆರಿಕದ ರೂಢಿಗೆ ಸಿದ್ಧಪಡಿಸಿದ ತಂತ್ರಾಂಶ ಮೇ 6 ಎನ್ನುತ್ತದೆ.

ಇದಕ್ಕೆ ಮದ್ದು ಜನರಿಗೆ ಕಾಗುಣಿತದ ಶಿಸ್ತು ಹೇರುವುದಲ್ಲ. ಕಾರ್ಯಕ್ರಮ ಘೋಷಣೆಯಾದ ಕ್ಷಣವೇ ಅದಕ್ಕೆ ವರ್ಷ ಮತ್ತು ಕ್ರಮಸಂಖ್ಯೆ ಸೇರಿದ ಗುರುತು, 2025-07 ಎಂಬಂಥದ್ದು, ತಾನಾಗಿ ಸಿಗಬೇಕು. ಅದು ಭಿತ್ತಿಪತ್ರದಲ್ಲಿ ಇರಲಿ, ಹಾಜರಿ ಫಾರ್ಮ್‌ನಲ್ಲಿ ಇರಲಿ, ಕಾಮನ್ಸ್‌ನ ಫೋಟೊ ವರ್ಗದಲ್ಲಿ ಇರಲಿ, ವರದಿಯ ಮೊದಲ ಸಾಲಿನಲ್ಲಿ ಇರಲಿ. ಶೀರ್ಷಿಕೆಯನ್ನು ಯಾರು ಹೇಗೆ ಬೇಕಾದರೂ ಬರೆದುಕೊಳ್ಳಲಿ, ಯಂತ್ರ ನೋಡುವುದು ಆ ಗುರುತನ್ನು ಮಾತ್ರ.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಕೈಯಲ್ಲಿ ಕೊಂಡಿ ಹಾಕುವವರು ವರದಿಯನ್ನು ಓದಿಯೇ ಹಾಕುತ್ತಾರೆ, ಯಂತ್ರ ಓದುವುದಿಲ್ಲ ಎಂಬುದು ಮೊದಲನೆಯದು. ಮಾತಿನಲ್ಲಿ ಸತ್ಯವಿದೆ. ಒಬ್ಬ ಸಂಪಾದಕರು ಕೂತು ಪ್ರತಿ ವರದಿ ಓದಿ, ಚೆನ್ನಾಗಿರುವುದನ್ನು ಎತ್ತಿ ತೋರಿಸುತ್ತಿದ್ದ ಸಮುದಾಯ ಅದೃಷ್ಟಶಾಲಿ. ಆದರೆ ಅಂಥವರು ಇರುವ ಕಡೆಯೂ ಅವರ ಸಮಯವನ್ನು ವಿಳಾಸ ನಕಲು ಮಾಡಿ ಅಂಟಿಸುವುದಕ್ಕೆ ಖರ್ಚು ಮಾಡಿಸುವುದು ಯಾವ ನ್ಯಾಯ? ಯಂತ್ರ ಎಲ್ಲ ವರದಿಗಳನ್ನೂ ಒಂದು ಕಡೆ ತಂದಿಟ್ಟರೆ ಅವರು ಹುಡುಕುವ ಹೊತ್ತನ್ನು ಓದುವುದಕ್ಕೆ ಕೊಡಬಹುದು. ವರ್ಷದ ಕೊನೆಯಲ್ಲಿ ಅವುಗಳಿಂದ ಹತ್ತು ಪಾಠ ಆರಿಸಿ ಬರೆದರೆ ಅದು ಕೊಂಡಿಗಿಂತ ನೂರು ಪಾಲು ಮೇಲು.

ಎರಡನೆಯದು, ಸಣ್ಣ ಸಮುದಾಯಕ್ಕೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ. ವರ್ಷಕ್ಕೆ ನಾಲ್ಕೇ ಕಾರ್ಯಕ್ರಮ ಮಾಡುವವರಿಗೆ ಬಾಟ್ ಬೇಡ ಎಂಬುದನ್ನು ಒಪ್ಪುತ್ತೇನೆ. ಅವರಿಗೂ ಗುರುತುಸಂಖ್ಯೆ ಬೇಕು, ಒಂದೇ ಜಾಗ ಬೇಕು, ಅಷ್ಟೇ. ಟೆಂಪ್ಲೇಟಿನಲ್ಲಿ ಒಂದು ಸೂಚನೆ ಬರೆಯುವುದಕ್ಕೆ ಪ್ರೋಗ್ರಾಮರ್ ಕೂಡ ಬೇಕಾಗುವುದಿಲ್ಲ. ದೊಡ್ಡ ವ್ಯವಸ್ಥೆ ಕಟ್ಟುವ ಚಪಲ ತಂತ್ರಜ್ಞರಿಗೆ ಇದ್ದೇ ಇರುತ್ತದೆ, ಅದಕ್ಕೆ ಮಣಿಯಬಾರದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಬಾಟ್ ಬರೆದವರು ಓದು ಮುಗಿಸಿ ಕೆಲಸಕ್ಕೆ ಸೇರಿ ದೂರವಾಗುತ್ತಾರೆ. ಅದು ಒಂದು ದಿನ ಸದ್ದಿಲ್ಲದೆ ನಿಲ್ಲುತ್ತದೆ. ಕೊಂಡಿಗಳು ತಾನಾಗಿ ಬೀಳುತ್ತವೆ ಎಂದು ಎಲ್ಲರೂ ನಂಬಿರುವುದರಿಂದ ನಿಂತದ್ದು ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಕೈಕೆಲಸಕ್ಕೆ ಈ ಅಪಾಯ ಇಲ್ಲ, ಅದು ನಿಂತರೆ ನಿಂತದ್ದು ಕಾಣುತ್ತದೆ. ಇದಕ್ಕೆ ಉತ್ತರ ಎರಡು. ಬಾಟ್ ನಡೆಸುವ ಸೂತ್ರ ಒಬ್ಬರ ಲ್ಯಾಪ್‌ಟಾಪಿನಲ್ಲಿರದೆ ಸಮುದಾಯದ ತಾಣದಲ್ಲೇ ಎಲ್ಲರೂ ಓದುವಂತೆ ಇರಬೇಕು, ಕನಿಷ್ಠ ಇಬ್ಬರಿಗೆ ಅದನ್ನು ನಡೆಸುವುದು ಗೊತ್ತಿರಬೇಕು. ಜತೆಗೆ, ಪಟ್ಟಿಯ ತಲೆಯಲ್ಲಿ ‘ಕೊನೆಯ ಸಲ ಪರಿಶೀಲಿಸಿದ್ದು ಇಂಥ ದಿನ’ ಎಂದು ಯಂತ್ರವೇ ಬರೆಯಬೇಕು. ಆ ದಿನಾಂಕ ಹಳೆಯದಾದರೆ ಯಾರಿಗಾದರೂ ಅನುಮಾನ ಬರುತ್ತದೆ.

ತಾನಾಗಿ ಬೀಳುವ ಕೊಂಡಿ ತಪ್ಪು ಕಡೆಗೂ ಬೀಳಬಹುದು. ಗುರುತುಪಟ್ಟಿ ನೋಡಿ ಜೋಡಿಸುವ ತಾಣಕ್ಕೆ ಜಾಹೀರಾತು ನುಸುಳಿಸುವುದು ಕಷ್ಟದ ಮಾತಲ್ಲ. ಹಾಗಾಗಿ ಹೊರಗಿನ ತಾಣದ ಕೊಂಡಿ ಪಟ್ಟಿಗೆ ಏರುವ ಮುನ್ನ ಸಂಘಟಕರಲ್ಲಿ ಒಬ್ಬರು ಹೂಂ ಎನ್ನುವ ಹಂತ ಇರಲೇಬೇಕು. ಇಲ್ಲಿ ಇನ್ನೊಂದು ಜವಾಬ್ದಾರಿಯೂ ಇದೆ. ಶಾಲಾ ಮಕ್ಕಳ ಕಾರ್ಯಾಗಾರದ ವರದಿಯಲ್ಲಿ ಮಕ್ಕಳ ಹೆಸರು, ಮುಖ, ತರಗತಿ ಎಲ್ಲ ಇರುತ್ತವೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಒಬ್ಬರ ಪುಟದ ಮೂಲೆಯಲ್ಲಿದ್ದ ಫೋಟೊ ಯೋಜನೆಯ ಮುಖ್ಯ ಪಟ್ಟಿಗೆ ತಾನಾಗಿ ಏರಿದರೆ ಅದನ್ನು ನೋಡುವವರ ಸಂಖ್ಯೆ ಬೇರೆ, ಪರಿಣಾಮ ಬೇರೆ. ಅದನ್ನು ಯೋಚಿಸುವುದು ಯಂತ್ರದ ಕೈಲಾಗದ ಕೆಲಸ.

ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ ಬೇರೆಯೇ ಇದೆ. ಯಂತ್ರಕ್ಕೆ ಎಣಿಸುವುದು ಸುಲಭ, ಹೇಳುವುದು ಕಷ್ಟ. ವಿಕಿಮೀಡಿಯ ಕಾರ್ಯಕ್ರಮಗಳಿಗೆ ಬಳಸುವ ಡ್ಯಾಶ್‌ಬೋರ್ಡ್ ಎಷ್ಟು ಜನ ಭಾಗವಹಿಸಿದರು, ಎಷ್ಟು ಲೇಖನ ಹುಟ್ಟಿದವು, ಎಷ್ಟು ಸಂಪಾದನೆ ಆಯಿತು ಎಂದು ಆ ಕ್ಷಣದ ಲೆಕ್ಕ ಕೊಡುತ್ತದೆ. ಬಹಳ ಉಪಯೋಗದ ಸಾಧನ ಅದು. ಆದರೆ ಆ ಪುಟದ ಕೊಂಡಿಯನ್ನೇ ‘ವರದಿ’ ಎಂಬ ಕಾಲಂಗೆ ಹಾಕಿ ಕೈತೊಳೆದುಕೊಳ್ಳುವ ಚಾಳಿ ಬಂದರೆ ವರದಿ ಸತ್ತಂತೆ. ಕಾಲಂ ಪೂರ್ತಿ ತುಂಬಿರುತ್ತದೆ, ಏಳನೆಯ ಖಾತೆ ಏಕೆ ಆಗಲಿಲ್ಲ ಎಂಬುದು ಎಲ್ಲೂ ಇರುವುದಿಲ್ಲ. ಈಗಂತೂ ಹಾಜರಿ ಪಟ್ಟಿ, ನಾಲ್ಕು ಫೋಟೊ ಕೊಟ್ಟರೆ ಒಂದು ಪುಟದ ವರದಿಯನ್ನೇ ಬರೆದುಕೊಡುವ ತಂತ್ರಾಂಶಗಳು ಬಂದಿವೆ. ‘ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು’ ಎಂದು ಅವು ಬರೆದಾವು. ಪಾಲ್ಗೊಳ್ಳದೆ ಎದ್ದು ಹೋದವರು ಯಾರು, ಏಕೆ ಎಂಬುದು ಕೋಣೆಯಲ್ಲಿದ್ದವರಿಗೆ ಮಾತ್ರ ಗೊತ್ತು. ಐದೇ ಸಾಲಾದರೂ ಇದ್ದವರೇ ಬರೆದದ್ದು ವರದಿ.

ಹೀಗಾಗಿಯೇ ಖಾಲಿ ಜಾಗದ ಬಗ್ಗೆ ನನ್ನ ಎರಡನೆಯ ಷರತ್ತು. ವಿಕಿಪೀಡಿಯದಲ್ಲಿ ಇನ್ನೂ ಬರೆಯದ ಪುಟದ ಕೊಂಡಿ ಕೆಂಪಾಗಿ ಕಾಣುತ್ತದೆ. ಅದು ಮುಜುಗರವೂ ಹೌದು, ಆಹ್ವಾನವೂ ಹೌದು. ಒತ್ತಿದರೆ ಬರೆಯುವ ಪೆಟ್ಟಿಗೆಯೇ ತೆರೆದುಕೊಳ್ಳುತ್ತದೆ. ಕಾರ್ಯಕ್ರಮಗಳ ಪಟ್ಟಿಯನ್ನು ಅಂದಗೊಳಿಸುವ ಹುಮ್ಮಸ್ಸಿನಲ್ಲಿ ವರದಿ ಇಲ್ಲದ ಸಾಲುಗಳನ್ನೇ ಅಡಗಿಸುವ ತಾಣಗಳಿವೆ. ವರದಿ ಬಂದವನ್ನಷ್ಟೇ ತೋರಿಸಿದರೆ ಎಲ್ಲವೂ ಸುಸೂತ್ರವಾಗಿ ನಡೆದಿದೆ ಎಂಬ ಭ್ರಮೆ ಹುಟ್ಟುತ್ತದೆ. ‘ಬಾಕಿ’ ಎಂಬ ಕೆಂಪು ಅಕ್ಷರ ಕಂಡರೆ ಅಲ್ಲಿದ್ದ ಬೇರೊಬ್ಬರಿಗಾದರೂ ‘ನಾನೇ ನಾಲ್ಕು ಸಾಲು ಬರೆಯುತ್ತೇನೆ’ ಎನ್ನಿಸೀತು. ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಗೆ ಅರಳಿ ಕಟ್ಟೆ ಎಂಬ ಪುಟವಿದೆ. ಬಾಕಿ ವರದಿಗಳ ಪಟ್ಟಿ ತಿಂಗಳಿಗೊಮ್ಮೆ ಅಂಥ ಜಾಗದಲ್ಲಿ ತಾನಾಗಿ ಬಂದು ಬೀಳುವಂತಾದರೆ ಒಬ್ಬರು ಇನ್ನೊಬ್ಬರನ್ನು ಕೆಣಕುವ ಅಗತ್ಯವೂ ಬೀಳದು.

ಕೊಂಡಿ ಬಿದ್ದ ಮೇಲೆ ಅದು ಬಾಳಬೇಕು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಬಳಿಕ ಸಿಗುತ್ತಿರಲಿಲ್ಲ. ಕಾರ್ಯಕ್ರಮದ ವರದಿಗಳ ಪಾಲಿಗೆ ಇದು ದೂರದ ಸುದ್ದಿಯಲ್ಲ. ಒಂದು ಕಾಲಕ್ಕೆ ಸಮುದಾಯಗಳು ಫೋಟೊ, ಟಿಪ್ಪಣಿ ಹಾಕುತ್ತಿದ್ದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು. ಒಳ್ಳೆಯ ಜಾಲವಿಳಾಸಗಳು ಬದಲಾಗುವುದಿಲ್ಲ ಎಂದು ವರ್ಲ್ಡ್ ವೈಡ್ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು. ಅವರ ಮಾತನ್ನು ವ್ಯಾಪಾರಿ ತಾಣಗಳು ಕೇಳಲಿಲ್ಲ, ಕೇಳುವ ಲಕ್ಷಣವೂ ಇಲ್ಲ. ಆದ್ದರಿಂದ ಕೊಂಡಿ ಹಾಕುವ ಯಂತ್ರ ಅದೇ ಹೊತ್ತಿಗೆ, ಹಳೆಯ ಜಾಲಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಪ್ರತಿ ಇಡುವಂತೆಯೂ ಮಾಡಬೇಕು. ವಿಕಿಪೀಡಿಯದ ಸತ್ತ ಉಲ್ಲೇಖಗಳಿಗೆ ಇಂಟರ್ನೆಟ್ ಆರ್ಕೈವ್ ಬಾಟ್ ಇದನ್ನೇ ಮಾಡುತ್ತಿದೆ, ಲಕ್ಷಾಂತರ ಕೊಂಡಿಗಳಿಗೆ ಮರುಜೀವ ಕೊಟ್ಟಿದೆ. ಮನುಷ್ಯರು ಕೈಯಾರೆ ಮಾಡಲು ಸಾಧ್ಯವೇ ಇಲ್ಲದ ಕೆಲಸ ಇದು. ಯಂತ್ರದ ಪರವಾಗಿ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ.

ನಿಮ್ಮದು ವಿಕಿ ಬಳಗವಿರಲಿ, ಸ್ವತಂತ್ರ ತಂತ್ರಾಂಶದ ಗುಂಪಿರಲಿ, ಪಕ್ಷಿ ವೀಕ್ಷಕರ ಕೂಟವಿರಲಿ, ಮುಂದಿನ ಕಾರ್ಯಕ್ರಮ ಘೋಷಿಸುವ ಮೊದಲೇ ಇಷ್ಟನ್ನು ನಿರ್ಧರಿಸಿಕೊಳ್ಳಿ: ಅದರ ಗುರುತುಸಂಖ್ಯೆ ಏನು, ವರದಿ ಯಾವ ವಿಳಾಸದಲ್ಲಿ ಇರುತ್ತದೆ, ಬರೆಯುವವರು ಯಾರು, ಎಷ್ಟು ದಿನದೊಳಗೆ. ಈ ನಾಲ್ಕಕ್ಕೆ ಉತ್ತರ ಇದ್ದರೆ ಉಳಿದದ್ದನ್ನು ಹತ್ತು ಸಾಲಿನ ಸೂತ್ರ ನೋಡಿಕೊಳ್ಳುತ್ತದೆ. ಉತ್ತರ ಇಲ್ಲದಿದ್ದರೆ ಎಂಥ ತಂತ್ರಾಂಶ ತಂದರೂ ಐದನೆಯ ಕಾಲಂ ತುಂಬುವುದಿಲ್ಲ.